ಮಳೆಯ ಊರಿನ ಬೇಸಿಗೆ ಹಾಡುಗಳು

ಶನಿವಾರ, ಸೋಹೋ

ಲಂಡನ್ನಿನ ಓಲ್ಡ್ ಕಾಂಪ್ಟನ್ ಸ್ಟ್ರೀಟ್ ಉದ್ದನೆಯ ರಸ್ತೆಯೇನಲ್ಲ. ಎರಡೂ ಬದಿಯ ಹೋಟೆಲು, ಬಾರು, ಕೇಕಿನಂಗಡಿಗಳನ್ನು ನೋಡುತ್ತ ನಿಧಾನವಾಗಿ ನಡೆದರೂ ಬೇಗನೆ ಮುಗಿದುಹೋಗುತ್ತದೆ. ನಾನೂ ಮಾವನೂ ಹುಡುಕಿಕೊಂಡು ಬಂದದ್ದು 59ನೇ ನಂಬರಿನ ಕಟ್ಟಡವನ್ನು. ಈಗಲ್ಲಿ ಮೀನು ಮತ್ತು ಚಿಪ್ಸ್ ಮಾರುವ ಹೋಟೆಲು. ಗೋಡೆಯ ಮೇಲೆ ದುಂಡಗಿನ ಹಸಿರು ಫಲಕ. ಟೂ ಐಸ್ ಕಾಫಿ ಬಾರ್ 1956ರಿಂದ 1970ರವರೆಗೆ ಇಲ್ಲಿತ್ತು, ಬ್ರಿಟನ್ನಿನ ರಾಕ್ ಅಂಡ್ ರೋಲ್ ಹುಟ್ಟಿದ್ದು ಇಲ್ಲೇ ಎಂದು ಅದರಲ್ಲಿ ಬರೆದಿದೆ.

ಮಾವ ಫಲಕದ ಕೆಳಗೆ ನಿಂತು ಉಣ್ಣೆಯ ಟೋಪಿ ತೆಗೆದರು. "ಇಷ್ಟೇ ಅಗಲಾನಾ? ನಮ್ಮ ಡಿಪೋದ ಸ್ಟೋರ್ ರೂಮು ಇದಕ್ಕಿಂತ ದೊಡ್ಡದಿತ್ತು ಕಣೋ" ಅಂದರು. ಅವರ ದನಿಯಲ್ಲಿ ಬೆರಗಿತ್ತು. ಇಷ್ಟು ಸಣ್ಣ ಜಾಗದಿಂದ ಅಷ್ಟು ದೊಡ್ಡ ಸದ್ದು ಎದ್ದಿತಲ್ಲ ಎಂಬ ಬೆರಗು.

ಈ ಪ್ರವಾಸ ಮಾವನದೇ ಆಸೆ. ಬೆಂಗಳೂರಿನ ಬಿಟಿಎಸ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು ಅವರು. ಹುಡುಗನಾಗಿದ್ದಾಗ ಮನೆ ಇದ್ದದ್ದು ದಂಡಿನ ಕಡೆ. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಕುಟುಂಬದ ರೇಡಿಯೋದಲ್ಲಿ ಸಿಲೋನ್ ಹಾಕಿದರೆ ಬ್ರಿಟನ್ನಿನ ಹಾಡುಗಾರ ಕ್ಲಿಫ್ ರಿಚರ್ಡ್, ನಮ್ಮಜ್ಜಿಯ ರೇಡಿಯೋದಲ್ಲಿ ಪಿ.ಬಿ. ಶ್ರೀನಿವಾಸ್. ಎರಡೂ ದನಿಯನ್ನು ಒಂದೇ ಕಾಂಪೌಂಡ್ ಗೋಡೆಯ ಮೇಲೆ ಕೂತು ಕೇಳಿ ಬೆಳೆದವರು. ಮಗಳು ಹ್ಯಾರೋದಲ್ಲಿ ಮನೆ ಮಾಡಿದ ಮೇಲೆ, "ಲಂಡನ್ನಿಗೆ ಬಂದರೆ ಅರಮನೆ ಗಿರಮನೆ ಬೇಡ, ಆ ಹಾಡುಗಳ ಜಾಗ ತೋರಿಸಬೇಕು" ಎಂದು ಮೊದಲೇ ಹೇಳಿಟ್ಟಿದ್ದರು. ಅದೇ ಹುಚ್ಚು ಅವರಿಂದ ನನಗೂ ಅಂಟಿರುವುದರಿಂದ ನಾನು ಜೊತೆಗೆ ಹೊರಟೆ.

ಟೂ ಐಸ್ ಎಂಬ ಹೆಸರು ಬಂದದ್ದು ಆ ಜಾಗವನ್ನು ಮುಂಚೆ ನಡೆಸುತ್ತಿದ್ದ ಇರಾನಿ ಎಂಬ ಅಡ್ಡಹೆಸರಿನ ಇಬ್ಬರು ಅಣ್ಣತಮ್ಮಂದಿರಿಂದ, ಅವರ ಹೆಸರಿನ ಎರಡು ಇಂಗ್ಲಿಷ್ 'ಐ' ಅಕ್ಷರಗಳಿಂದ. 1956ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಕುಸ್ತಿಪಟು ಪಾಲ್ ಲಿಂಕನ್ ಅದನ್ನು ಕಾಫಿ ಬಾರ್ ಆಗಿ ತೆರೆದ. ಮೇಲೆ ಕಾಫಿ, ಕೆಳಗಿನ ನೆಲಮಾಳಿಗೆಯಲ್ಲಿ ಹಾಡು. ಆಗ ಹುಡುಗರಿಗೆ ಹಿಡಿದಿದ್ದದ್ದು ಸ್ಕಿಫಲ್ ಎಂಬ ಸಂಗೀತದ ಹುಚ್ಚು. ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಬೆರಳಿಗೆ ಥಿಂಬಲ್ (ಹೊಲಿಯುವವರ ಬೆರಳುಟೋಪಿ) ಸಿಕ್ಕಿಸಿ ಕೆರೆದರೆ ತಾಳ. ಅಸ್ಸಾಂ, ಸಿಲೋನ್ ಕಡೆಯಿಂದ ಚಹಾ ತುಂಬಿ ಬಂದ ಮರದ ಪೆಟ್ಟಿಗೆಗೆ ಕೋಲೂ ಹುರಿಯೂ ಕಟ್ಟಿ ಮೀಟಿದರೆ ಬೇಸ್. ಕೈಯಲ್ಲೊಂದು ಅಗ್ಗದ ಗಿಟಾರ್ ಇದ್ದರೆ ತಂಡ ಸಿದ್ಧ. ದುಡ್ಡಿಲ್ಲದ ಮನೆಯ ಮಕ್ಕಳೂ ಹಾಡುಗಾರರಾಗಬಹುದು ಎಂದು ಆ ದೇಶಕ್ಕೆ ಗೊತ್ತಾದದ್ದು ಆವಾಗ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಲ್ಲಿ ಹಾಡುತ್ತಿದ್ದ ಬರ್ಮಂಡ್ಸಿಯ ಟಾಮಿ ಸ್ಟೀಲ್, ಹಡಗಿನ ಕೆಲಸದಲ್ಲಿದ್ದ ಹುಡುಗ, ಒಬ್ಬ ಪ್ರಚಾರಕನ ಕಣ್ಣಿಗೆ ಬಿದ್ದ. 1957ರ ಜನವರಿಯಲ್ಲಿ ಅವನ ಹಾಡು ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಅವನ ಜೀವನಕಥೆಯೇ 'ದ ಟಾಮಿ ಸ್ಟೀಲ್ ಸ್ಟೋರಿ' ಎಂಬ ಚಿತ್ರವಾಗಿ ತೆರೆಗೆ ಬಂತು. ವಯಸ್ಸಿನ್ನೂ ಇಪ್ಪತ್ತು. ಇಪ್ಪತ್ತು ವರ್ಷದವನ ಜೀವನಕಥೆ ಎಂದು ನಕ್ಕವರಿರಬಹುದು. ನನಗೆ ಆ ಚಿತ್ರ ಇಷ್ಟ. ಬಂದರಿನ ಪಕ್ಕದ ಬಡ ಕೇರಿಯ ಹುಡುಗ ಪರದೆಯ ಮೇಲೆ ತಾನು ತಾನಾಗಿಯೇ ಕಾಣಿಸಿಕೊಂಡ, ತನ್ನದೇ ಮಾತಿನ ಧಾಟಿಯಲ್ಲಿ ಮಾತಾಡಿದ. ಅಲ್ಲಿಯವರೆಗೆ ಬ್ರಿಟಿಷ್ ಚಿತ್ರಗಳಲ್ಲಿ ಅಂಥವರಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ನಗಿಸುವ ಆಳಿನ ಪಾತ್ರ.

ಎರಡು ವರ್ಷದ ನಂತರ ಬಂದ 'ಎಕ್ಸ್‌ಪ್ರೆಸೊ ಬಾಂಗೊ' ಈ ಬೀದಿಯ ಇನ್ನೊಂದು ಮುಖ ತೋರಿಸಿತು. ಲಾರೆನ್ಸ್ ಹಾರ್ವಿ ಅದರಲ್ಲಿ ಏಜೆಂಟ್. ಕಾಫಿ ಬಾರಿನಲ್ಲಿ ಸಿಕ್ಕ ಹುಡುಗನಿಗೆ ಹೊಸ ಹೆಸರಿಟ್ಟು, ಸಂಪಾದನೆಯ ಅರ್ಧಪಾಲು ತನಗೆ ಎಂದು ಕಾಗದ ಮಾಡಿಸಿಕೊಳ್ಳುತ್ತಾನೆ. ಹುಡುಗ ಕ್ಲಿಫ್ ರಿಚರ್ಡ್. ಇದೇ ಟೂ ಐಸ್‌ನಲ್ಲಿ ಹಾಡಿ ಮೇಲೆ ಬಂದ ಹಾಡುಗಾರನನ್ನೇ ಕರೆತಂದು, ಹಾಡುವ ಹುಡುಗರನ್ನು ಹಿಂಡುವ ಕಥೆ ತೆಗೆದದ್ದು ನಿರ್ದೇಶಕ ವಾಲ್ ಗೆಸ್ಟ್ ಅವರ ಧೈರ್ಯ.

ಸಂಜೆ ಅಲ್ಲೇ ಹತ್ತಿರದಲ್ಲಿ ಕಾಫಿ ಕುಡಿದೆವು. ಮಾವನಿಗೆ ಕಹಿ ಹೆಚ್ಚಾಯಿತು, ಎರಡು ಪ್ಯಾಕೆಟ್ ಸಕ್ಕರೆ ಸುರಿದುಕೊಂಡರು.

ಭಾನುವಾರ, ಹ್ಯಾರೋ

ಬೆಳಗಿನಿಂದ ಮಳೆ. ಬೆಂಗಳೂರಿನ ಹಾಗೆ ಒಮ್ಮೆ ಜಡಿದು ನಿಲ್ಲುವ ಮಳೆಯಲ್ಲ, ಬೂದುಬಣ್ಣದ ಆಕಾಶದಿಂದ ದಿನವಿಡೀ ಜಿನುಗುವ ಮಳೆ. ಹೊರಗೆ ಹೋಗುವ ಮಾತೇ ಇರಲಿಲ್ಲ. ಮಧ್ಯಾಹ್ನ ಬಿಸಿಬೇಳೆಬಾತ್ ಉಂಡು ಟಿವಿಯಲ್ಲಿ ಕ್ಲಿಫ್ ರಿಚರ್ಡ್‌ನ 'ಸಮ್ಮರ್ ಹಾಲಿಡೇ' ಚಿತ್ರ ಹಾಕಿಕೊಂಡು ಕೂತೆವು. ಮಾವನಿಗೆ ಇದು ಬಾಯಿಪಾಠ. ಆದರೂ ಮಳೆಯ ಲಂಡನ್ನಿನಲ್ಲಿ ಕೂತು ನೋಡಿದಾಗ ಇಬ್ಬರಿಗೂ ಹೊಸದಾಗಿ ಕಂಡಿತು.

ಚಿತ್ರ ಶುರುವಾಗುವುದು ಕಪ್ಪುಬಿಳುಪಿನಲ್ಲಿ. ಇಂಗ್ಲೆಂಡಿನ ಕಡಲತೀರದ ಊರು, ರಜೆಗೆಂದು ಬಂದ ಜನ. ಬ್ಯಾಂಡಿನವರು ನುಡಿಸುತ್ತಿದ್ದಂತೆ ಮಳೆ ಹುಯ್ಯುತ್ತದೆ. ಸೂರು ಸಿಕ್ಕಲ್ಲಿ ಜನ ಒತ್ತರಿಸಿಕೊಂಡು ನಿಲ್ಲುತ್ತಾರೆ. ಅಲ್ಲಿಂದ ಕಥೆ ಲಂಡನ್ ಟ್ರಾನ್ಸ್‌ಪೋರ್ಟ್‌ನ ಬಸ್ ಕಾರ್ಖಾನೆಗೆ ಹೋಗುತ್ತದೆ. ಮೆಕ್ಯಾನಿಕ್ ಹುಡುಗರು ಹೊರಗಿನ ಮಳೆ ನೋಡುತ್ತ ರಜೆ ಹಾಳಾಯಿತೆಂದು ಗೊಣಗುತ್ತಿರುವಾಗ, ಕ್ಲಿಫ್ ಒಂದು ಕೆಂಪು ಡಬಲ್ ಡೆಕ್ಕರ್ ಓಡಿಸಿಕೊಂಡು ಬರುತ್ತಾನೆ. ಪರದೆಗೆ ಬಣ್ಣ ಬರುತ್ತದೆ. ಕಂಪನಿಯ ಬಸ್ಸನ್ನೇ ಓಡಾಡುವ ಹೋಟೆಲಾಗಿ ಮಾಡಿ ಯುರೋಪಿನಲ್ಲಿ ಓಡಿಸುವುದು ಅವನ ಯೋಜನೆ. ದಕ್ಷಿಣ ಫ್ರಾನ್ಸಿಗೆಂದು ಹೊರಟವರಿಗೆ ದಾರಿಯಲ್ಲಿ ಕಾರು ಕೆಟ್ಟು ನಿಂತ ಮೂವರು ಹಾಡುಗಾರ್ತಿಯರು ಸಿಗುತ್ತಾರೆ, ಬಸ್ಸು ಅಥೆನ್ಸಿನ ಕಡೆ ತಿರುಗುತ್ತದೆ. ಆ ಮೂವರಲ್ಲಿ ಒಬ್ಬರು ಊನಾ ಸ್ಟಬ್ಸ್. ಈಗಿನವರಿಗೆ 'ಷರ್ಲಾಕ್' ಧಾರಾವಾಹಿಯ ಮಿಸೆಸ್ ಹಡ್ಸನ್ ಎಂದರೆ ಗೊತ್ತಾಗುತ್ತದೆ.

ಕಥೆಯಲ್ಲಿ ಗಟ್ಟಿ ಇಲ್ಲ ಎನ್ನುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಈ ಚಿತ್ರ ಬಿಡುಗಡೆಯಾದದ್ದು 1963ರ ಜನವರಿಯಲ್ಲಿ ಎಂಬುದನ್ನು ಮರೆಯಬಾರದು. ಆ ಚಳಿಗಾಲ ಇಂಗ್ಲೆಂಡ್ ಇಪ್ಪತ್ತನೆಯ ಶತಮಾನದಲ್ಲಿ ಕಂಡ ಅತಿ ಕೊರೆಯುವ ಚಳಿಗಾಲ. 1962ರ ಕ್ರಿಸ್‌ಮಸ್ ಮರುದಿನ ಬಿದ್ದ ಹಿಮ ಎಷ್ಟೋ ಕಡೆ ಮಾರ್ಚ್‌ವರೆಗೂ ಕರಗಲಿಲ್ಲ. ನದಿಗಳು ಹೆಪ್ಪುಗಟ್ಟಿದವು. ಆ ಹಿಮವನ್ನು ತುಳಿದುಕೊಂಡು ಜನ ಥಿಯೇಟರಿಗೆ ಬಂದು, ಕತ್ತಲಲ್ಲಿ ಕೂತು, ಗ್ರೀಸಿನ ಬಿಸಿಲು ನೋಡಿದರು. ಬ್ರೂಸ್ ವೆಲ್ಚ್ ಮತ್ತು ಬ್ರಯನ್ ಬೆನೆಟ್ ಬರೆದ ಚಿತ್ರದ ಹೆಸರಿನದೇ ಹಾಡು ಮಾರ್ಚ್‌ನಲ್ಲಿ ಮೊದಲ ಸ್ಥಾನದಲ್ಲಿತ್ತು. ನಡುವೆ ಒಂದು ವಾರ ಅದನ್ನು ಕೆಳಗಿಳಿಸಿದ್ದು ಇದೇ ಚಿತ್ರದ್ದೇ ಇನ್ನೊಂದು ಸಂಗೀತ, ಕ್ಲಿಫ್‌ನ ಜೊತೆ ನುಡಿಸುತ್ತಿದ್ದ ಶ್ಯಾಡೋಸ್ ತಂಡದ 'ಫುಟ್ ಟ್ಯಾಪರ್'.

ಮಾವ ರಿಮೋಟ್ ಒತ್ತಿ ನಿಲ್ಲಿಸಿದರು. "ನಾವು ಬೆಂಗಳೂರಲ್ಲಿ ಇದನ್ನ ಕೇಳಿದಾಗ ಬಿಸಿಲು ಅಂದ್ರೆ ಏನು ವಿಶೇಷ ಅನ್ನಿಸ್ತಿತ್ತು. ಬೀದಿ ತುಂಬ ಬಿಸಿಲಿತ್ತಲ್ಲ. ಇವರು ಬಿಸಿಲಿಲ್ಲದೆ ಹಾಡಿದ್ದು ಕಣಪ್ಪ. ಅದಕ್ಕೇ ಅಷ್ಟು ಆಸೆ ಇದೆ ದನಿಯಲ್ಲಿ."

ನಾನು ಇಷ್ಟು ವರ್ಷ ಈ ಹಾಡುಗಳನ್ನು ಬರೀ ಲವಲವಿಕೆಯ ಹಾಡುಗಳೆಂದು ಕೇಳಿದ್ದೆ. ಅವರ ಮಾತು ಆದ ಮೇಲೆ ಅವೇ ಹಾಡುಗಳ ಹಿಂದೆ 1954ರವರೆಗೂ ರೇಷನ್ ಚೀಟಿ ಹಿಡಿದು ಮಾಂಸಕ್ಕೆ ಸಾಲು ನಿಂತ ಮನೆಗಳು, ಹದಿನೆಂಟು ತುಂಬಿದ ಕೂಡಲೇ ಸೈನ್ಯದ ಕಡ್ಡಾಯ ಸೇವೆಗೆ ಕರೆ ಬರುತ್ತಿದ್ದ ಹುಡುಗರು, ಎಲ್ಲ ಕಾಣತೊಡಗಿದವು. ಕಡ್ಡಾಯ ಸೇವೆಗೆ ಹೊಸಬರನ್ನು ಕರೆಯುವುದು ನಿಂತದ್ದು 1960ರಲ್ಲಿ. ಕ್ಲಿಫ್‌ಗೆ ಆಗ ಇಪ್ಪತ್ತು. ಸಮವಸ್ತ್ರ ತೊಡದೆ ಯೌವನಕ್ಕೆ ಬಂದ ಮೊದಲ ಹುಡುಗರ ಸಾಲು ಅದು. ಅವರಿಗೆ ಕೈಯಲ್ಲಿ ಸಂಬಳವಿತ್ತು, ಸಂಜೆ ಹೊತ್ತು ತಮ್ಮದಾಗಿತ್ತು. ಒಂದು ಬಸ್ಸು ಸಿಕ್ಕಿದರೆ ಎಲ್ಲಿಗೆ ಹೋಗಬಹುದು ಎಂಬ ಕನಸು ಅವರಿಗೆ ಸಣ್ಣದಾಗಿರಲಿಲ್ಲ.

ಸೋಮವಾರ, ಎಲ್ಸ್‌ಟ್ರೀ

ಸೇಂಟ್ ಪ್ಯಾಂಕ್ರಾಸ್‌ನಿಂದ ರೈಲು ಹಿಡಿದು ಎಲ್ಸ್‌ಟ್ರೀ ಅಂಡ್ ಬೋರಮ್‌ವುಡ್ ನಿಲ್ದಾಣದಲ್ಲಿ ಇಳಿದರೆ ಶೆನ್ಲಿ ರೋಡು. ಅಂಗಡಿಬೀದಿಯಂಥ ಆ ರಸ್ತೆಯಲ್ಲೇ ಎಲ್ಸ್‌ಟ್ರೀ ಸ್ಟುಡಿಯೋ ಇದೆ. ಹಿಂದಿನ ಜಾಗದ ಒಂದು ಭಾಗ ಈಗ ಟೆಸ್ಕೊ ಸೂಪರ್ ಮಾರ್ಕೆಟ್. ಸ್ಟುಡಿಯೋ ಒಳಗೆ ಕೆಲಸ ನಡೆಯುತ್ತಿರುವುದರಿಂದ ನಾವು ಗೇಟಿನ ಹೊರಗಿಂದ ನೋಡಿದೆವು.

ಕ್ಲಿಫ್‌ನ ಇನ್ನೊಂದು ಚಿತ್ರ 'ದ ಯಂಗ್ ಒನ್ಸ್' ತಯಾರಾದದ್ದು ಇಲ್ಲಿ, 1961ರಲ್ಲಿ. ತಮ್ಮ ಯುವಜನ ಕ್ಲಬ್ಬಿನ ಜಾಗವನ್ನು ಕೋಟ್ಯಾಧಿಪತಿ ಕಟ್ಟಡ ಕಟ್ಟಲು ಕಿತ್ತುಕೊಳ್ಳುವುದನ್ನು ತಡೆಯಲು ಹುಡುಗರೇ ಸೇರಿ ಪ್ರದರ್ಶನ ಮಾಡಿ ದುಡ್ಡು ಕೂಡಿಸುವ ಕಥೆ. ಆ ಕೋಟ್ಯಾಧಿಪತಿ ನಾಯಕನ ಅಪ್ಪನೇ. ಅದರ ಶೀರ್ಷಿಕೆ ಹಾಡಿನ ರೆಕಾರ್ಡಿಗೆ ಅಂಗಡಿಗೆ ಬರುವ ಮೊದಲೇ 5 ಲಕ್ಷಕ್ಕೂ ಮಿಕ್ಕಿ ಬೇಡಿಕೆ ಬಂದಿತ್ತು. 1962ರ ಜನವರಿಯಲ್ಲಿ ಅದು ಪಟ್ಟಿಗೆ ಸೇರಿದ್ದೇ ನೇರವಾಗಿ ಒಂದನೇ ಸ್ಥಾನಕ್ಕೆ. 'ಸಮ್ಮರ್ ಹಾಲಿಡೇ'ಯ 'ಬ್ಯಾಚುಲರ್ ಬಾಯ್' ಹಾಡಿನ ದೃಶ್ಯವೂ ಈ ಸ್ಟುಡಿಯೋದ್ದೇ. ಗ್ರೀಸಿನಿಂದ ವಾಪಸಾದ ಮೇಲೆ ಚಿತ್ರದ ಉದ್ದ ಸಾಲದೆಂದು ಕಂಡು ಸೇರಿಸಿದ ಹಾಡು ಅದು. ಹೀಗೆ ಕಡೆಗಳಿಗೆಯಲ್ಲಿ ಹೊಲಿದು ಸೇರಿಸಿದ್ದೇ ಜನರ ಬಾಯಲ್ಲಿ ಗಟ್ಟಿಯಾಗಿ ಉಳಿಯಿತು.

ಆದರೆ ಮಾವನಿಗೆ ನೋಡಬೇಕಾಗಿದ್ದದ್ದು ಇನ್ನೊಂದು. ಬಸ್ಸು ಹತ್ತಿ ಎಲ್ಸ್‌ಟ್ರೀ ಹಳ್ಳಿಯ ಆಚೆ ಹೋಗಿ ಇಳಿದೆವು. 'ಸಮ್ಮರ್ ಹಾಲಿಡೇ'ಯ ಮೊದಲಲ್ಲಿ ಕಾಣುವ ಬಸ್ ಕಾರ್ಖಾನೆ, ಲಂಡನ್ ಟ್ರಾನ್ಸ್‌ಪೋರ್ಟ್‌ನ ಆಲ್ಡನಮ್ ವರ್ಕ್ಸ್, ಇದ್ದ ಜಾಗ. ಲಂಡನ್ನಿನ ನೆಲದಡಿಯ ಟ್ಯೂಬ್ ರೈಲನ್ನು ಈ ಕಡೆ ಬೆಳೆಸುವ ಯೋಜನೆಯಲ್ಲಿ ರೈಲು ನಿಲ್ಲಿಸಲೆಂದು ಕಟ್ಟಿದ ಶೆಡ್ಡಿನಲ್ಲಿ ಯುದ್ಧದ ಕಾಲಕ್ಕೆ ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳು ತಯಾರಾದವು. ರೈಲು ಯೋಜನೆ ಬಿದ್ದುಹೋಯಿತು, ಯುದ್ಧದ ನಂತರ ಶೆಡ್ಡು ಬಸ್ಸುಗಳಿಗೆ ಬಂತು. 1986ರಲ್ಲಿ ಮುಚ್ಚಿದರು, 1996ರಲ್ಲಿ ಕೆಡವಿದರು. ಈಗ ಗೋದಾಮು, ಕಚೇರಿಗಳ ಬಡಾವಣೆ. ಕತ್ತರಿಸಿದ ಹುಲ್ಲು, ನಿಲ್ಲಿಸಿದ ಕಾರುಗಳು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಮಾವ ನನಗೆ ರಸ್ತೆ ಬದಿಯಲ್ಲೇ ಕೈಯಾಡಿಸಿ ವಿವರಿಸಿದರು. ಓವರ್‌ಹಾಲಿಗೆ ಬಂದ ಬಸ್ಸಿನ ಬಾಡಿಯನ್ನು ಮೇಲಿನ ಕ್ರೇನಿನಿಂದ ಇಡಿಯಾಗಿ ಎತ್ತಿ ಚಾಸಿಯಿಂದ ಬೇರೆ ಮಾಡುವುದು. ಬಾಡಿ ಒಂದು ಸಾಲಿಗೆ, ಚಾಸಿ ಇನ್ನೊಂದಕ್ಕೆ. ಕೊನೆಗೆ ಯಾವ ಬಾಡಿ ಮೊದಲು ಸಿದ್ಧವೋ ಅದನ್ನು ಮುಂದೆ ಬಂದ ಚಾಸಿಯ ಮೇಲೆ ಕೂರಿಸಿ ಹೊರಗೆ ಕಳಿಸುವುದು. ಅಷ್ಟು ಬಸ್ಸುಗಳ ಬಿಡಿಭಾಗಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದ್ದರೆ ಮಾತ್ರ ಸಾಧ್ಯವಾಗುವ ಕೆಲಸ. "ಈ ಸಿನಿಮಾ ನೋಡಿದಾಗ ನಾನಿನ್ನೂ ಹುಡುಗ. ಗ್ರೀಸ್ ಮೆತ್ತಿಕೊಂಡ ಬಾಯ್ಲರ್ ಸೂಟಿನೋರು ಹೀರೋ ಆಗಿರೋದನ್ನ ಮೊದಲು ನೋಡಿದ್ದು ಇದರಲ್ಲೇ. ಆಮೇಲೆ ಬಿಟಿಎಸ್‌ಗೆ ಅರ್ಜಿ ಹಾಕುವಾಗ ನಮ್ಮಪ್ಪನಿಗೆ ಹೇಳಲಿಲ್ಲ ಅಷ್ಟೇ, ತಲೆಯಲ್ಲಿ ಇದೇ ಇತ್ತು." ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರದ ಈ ಸಂಗತಿಯನ್ನು ಅವರು ಗೋದಾಮಿನ ಬೇಲಿಯ ಪಕ್ಕ ನಿಂತು ಹೇಳಿದರು.

ಮಂಗಳವಾರ, ಚೆಶಂಟ್

ಅರ್ಧ ದಿನದ ತಿರುಗಾಟ. ಲಖನೌದಲ್ಲಿ 1940ರಲ್ಲಿ ಹುಟ್ಟಿದ ಹ್ಯಾರಿ ವೆಬ್ 1948ರಲ್ಲಿ ಮನೆಯವರ ಜೊತೆ ಬೊಂಬಾಯಿಯಿಂದ 'ರಾಂಚಿ' ಎಂಬ ಹಡಗು ಹತ್ತಿದ. ಇಲ್ಲಿಗೆ ಬಂದ ಮೇಲೆ ನೆಂಟರ ಆಸರೆಯಲ್ಲಿ ಒಂದೇ ಕೋಣೆಯಲ್ಲಿ ಸಂಸಾರ, ಆಮೇಲೆ ಚೆಶಂಟಿನಲ್ಲಿ ಕೌನ್ಸಿಲ್ ಮನೆ, ಅಂದರೆ ಊರಾಡಳಿತದ ಬಾಡಿಗೆ ಮನೆ. ಇಲ್ಲಿಂದಲೇ ಕ್ಲಿಫ್ ರಿಚರ್ಡ್ ಆದ. ಅವನ ಮನೆಗೆ ಅಭ್ಯಾಸಕ್ಕೆ ಬರುತ್ತಿದ್ದ ಗೆಳೆಯ ಇಯಾನ್ ಸ್ಯಾಮ್ವೆಲ್, ಗ್ರೀನ್ ಲೈನಿನ 715ನೇ ನಂಬರಿನ ಬಸ್ಸಿನಲ್ಲಿ ಕೂತು 'ಮೂವ್ ಇಟ್' ಬರೆದ. 1958ರ ಜುಲೈಯಲ್ಲಿ ಆಬ್ಬಿ ರೋಡಿನಲ್ಲಿ ರೆಕಾರ್ಡ್ ಆಯಿತು. ಕಂಪನಿಯವರು ಅದನ್ನು ತಟ್ಟೆಯ ಹಿಂಬದಿಗೆಂದು ಇಟ್ಟಿದ್ದರು. ಟಿವಿ ನಿರ್ಮಾಪಕ ಜ್ಯಾಕ್ ಗುಡ್ ಅದನ್ನೇ ಹಾಡಬೇಕೆಂದು ಪಟ್ಟು ಹಿಡಿದ. ಅಮೆರಿಕದ ಧಾಟಿಗೆ ಸರಿಗಟ್ಟಿ ನಿಲ್ಲುವ ಬ್ರಿಟನ್ನಿನ ಮೊದಲ ರಾಕ್ ಹಾಡು ಅದೇ ಎಂದು ನಾನೂ ನಂಬುತ್ತೇನೆ. ಇಲ್ಲೂ ಬಸ್ಸೇ ಬಂತಲ್ಲ ಎಂದು ಮಾವನಿಗೆ ಖುಷಿ.

ಬುಧವಾರ, ಮ್ಯಾರಿಲಬೋನ್

ಮ್ಯಾರಿಲಬೋನ್ ರೈಲು ನಿಲ್ದಾಣದ ಪಕ್ಕಕ್ಕೆ ಬಾಸ್ಟನ್ ಪ್ಲೇಸ್ ಎಂಬ ಓಣಿ. ಒಂದು ಕಡೆ ನಿಲ್ದಾಣದ ಉದ್ದನೆಯ ಇಟ್ಟಿಗೆ ಗೋಡೆ, ಇನ್ನೊಂದು ಕಡೆ ಮನೆಗಳ ಸಾಲು. 1964ರಲ್ಲಿ ರಿಚರ್ಡ್ ಲೆಸ್ಟರ್ ಕ್ಯಾಮೆರಾ ಇಟ್ಟದ್ದು ಇಲ್ಲಿ. 'ಎ ಹಾರ್ಡ್ ಡೇಸ್ ನೈಟ್' ಚಿತ್ರದ ಮೊದಲ ಸದ್ದು, ಆ ಒಂದೇ ಒಂದು ಗಿಟಾರ್ ಮೀಟು, ಕೇಳಿದ ಕೂಡಲೇ ಬೀಟಲ್ಸ್ ಹುಡುಗರು ಈ ಓಣಿಯಲ್ಲಿ ಓಡಿಬರುತ್ತಾರೆ, ಹಿಂದೆ ಅಭಿಮಾನಿಗಳ ಹಿಂಡು. ಜಾರ್ಜ್ ಹ್ಯಾರಿಸನ್ ಎಡವಿ ಬೀಳುತ್ತಾನೆ, ಅವನ ಮೇಲೆ ರಿಂಗೊ ಮುಗ್ಗರಿಸುತ್ತಾನೆ. ಬಿದ್ದದ್ದು ನಿಜ, ಲೆಸ್ಟರ್ ಹಾಗೆಯೇ ಉಳಿಸಿಕೊಂಡ. ಎದ್ದು ಓಡುವಾಗ ಜಾರ್ಜ್ ನಗುತ್ತಿರುತ್ತಾನೆ. ಆ ನಗು ಯಾವ ನಿರ್ದೇಶಕನೂ ಹೇಳಿ ತರಿಸಲಾಗದ್ದು.

ಗೋಡೆಗೆ ಕೈಯಿಟ್ಟು ಓಣಿಯ ಈ ತುದಿಯಿಂದ ಆ ತುದಿಗೆ ನಡೆದೆವು. ನಡೆಯುತ್ತ ನನಗೆ ಹೊಳೆದದ್ದನ್ನು ಮಾವನಿಗೆ ಹೇಳಿದೆ: "ಮಾವ, ಒಂದೇ ವರ್ಷದ ಅಂತರ ನೋಡಿ. 'ಸಮ್ಮರ್ ಹಾಲಿಡೇ'ಯಲ್ಲಿ ಬಸ್ಸು ಹತ್ತಿದರೆ ಬಿಡುಗಡೆ. ಇದರಲ್ಲಿ ರೈಲು ಹತ್ತಿದರೆ ಬಂಧನ." ಬೀಟಲ್ಸ್‌ನ ಪೌಲ್‌ನ ತಾತನ ಪಾತ್ರಧಾರಿ ಚಿತ್ರದಲ್ಲಿ ದೂರುವುದೂ ಅದನ್ನೇ. ಊರು ತಿರುಗಿಸುತ್ತೀರೆಂದು ಬಂದರೆ ನೋಡಿದ್ದು ರೈಲು, ಕೋಣೆ, ಕಾರು, ಮತ್ತೆ ಕೋಣೆ ಅಂತ. ಕ್ಲಿಫ್‌ನ ಹುಡುಗರು ಪ್ರಸಿದ್ಧರಾಗಲು ಹಂಬಲಿಸಿದರು, ಈ ನಾಲ್ವರು ಪ್ರಸಿದ್ಧಿಯಿಂದ ತಪ್ಪಿಸಿಕೊಳ್ಳಲು ಓಡಿದರು. ಅವರು ನಿಜಕ್ಕೂ ಉಸಿರಾಡುವುದು ಬಯಲಿನಲ್ಲಿ ಕುಣಿದು ಕುಪ್ಪಳಿಸುವ ಆ ಕೆಲವೇ ನಿಮಿಷ. ಬಣ್ಣದಿಂದ ಮತ್ತೆ ಕಪ್ಪುಬಿಳುಪಿಗೆ ಬಂದ ಈ ಚಿತ್ರವೇ ದೊಡ್ಡದು ಎಂದು ವಿಮರ್ಶಕರೆಲ್ಲ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಇದನ್ನು ಹೊಗಳಲು ಅದನ್ನು ಹಳಿಯಬೇಕಿಲ್ಲ. ಟೂ ಐಸ್‌ನ ನೆಲಮಾಳಿಗೆ ಇರದಿದ್ದರೆ ಈ ಓಣಿಯಲ್ಲಿ ಯಾರೂ ಓಡುತ್ತಿರಲಿಲ್ಲ.

ಗುರುವಾರ, ಲಿವರ್‌ಪೂಲ್

ಯೂಸ್ಟನ್‌ನಿಂದ ಲೈಮ್ ಸ್ಟ್ರೀಟಿಗೆ ಎರಡೂ ಚಿಲ್ಲರೆ ಗಂಟೆ. ಬೀಟಲ್ಸ್ ಹಾಡುತ್ತಿದ್ದ ಕ್ಯಾವರ್ನ್ ಕ್ಲಬ್ ಇರುವ ಮ್ಯಾಥ್ಯೂ ಸ್ಟ್ರೀಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಬೇಗ ದಾಟಿಬಿಟ್ಟೆವು. ಪಕ್ಕದ ಸ್ಟ್ಯಾನ್ಲಿ ಸ್ಟ್ರೀಟಿನಲ್ಲಿ ಕಲ್ಲುಬೆಂಚಿನ ಮೇಲೆ ಕಂಚಿನ ಹೆಂಗಸೊಬ್ಬಳು ಒಂಟಿಯಾಗಿ ಕೂತಿದ್ದಾಳೆ. ಬೀಟಲ್ಸ್ ಹಾಡಿನ ಎಲಿನರ್ ರಿಗ್ಬಿ. 1982ರಲ್ಲಿ ಈ ಶಿಲ್ಪ ಮಾಡಿಕೊಟ್ಟವರು ಅದೇ ಟಾಮಿ ಸ್ಟೀಲ್. ಪ್ರತಿಫಲವಾಗಿ ಕೇಳಿದ್ದು ಮೂರು ಪೆನ್ಸ್ ಮಾತ್ರ. ಅವರೇ ನಟಿಸಿದ 'ಹಾಫ್ ಎ ಸಿಕ್ಸ್‌ಪೆನ್ಸ್' (ಆರು ಪೆನ್ಸಿನ ಅರ್ಧ) ನಾಟಕದ ನೆನಪಿಗೆ. ಶಿಲ್ಪದ ಒಳಗೆ ಬೈಬಲಿನ ಒಂದು ಹಾಳೆ, ನಾಲ್ಕೆಲೆಯ ಕ್ಲೋವರ್, ಮಕ್ಕಳ ಕಾಮಿಕ್ ಪುಸ್ತಕ ಇಟ್ಟು ಮುಚ್ಚಿದ್ದಾರಂತೆ. ತನ್ನನ್ನು ಬದಿಗೆ ಸರಿಸಿ ಮುಂದೆ ಹೋದ ಹುಡುಗರ ಹಾಡಿಗೆ ಮೊದಲ ತಲೆಮಾರಿನ ಹಾಡುಗಾರ ತನ್ನ ಕೈಯಾರೆ ಸಲ್ಲಿಸಿದ ಗೌರವ ಇದು. ಮಾವ ಆಕೆಯ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಂಡರು.

ಆಲ್ಬರ್ಟ್ ಡಾಕ್ ಹತ್ತಿರ ಬಿಲ್ಲಿ ಫ್ಯೂರಿಯ ಪ್ರತಿಮೆಯಿದೆ. ಈ ಊರಿನ ರೊನಾಲ್ಡ್ ವಿಚರ್ಲಿ, ಮರ್ಸಿ ನದಿಯಲ್ಲಿ ಹಡಗು ಎಳೆಯುವ ದೋಣಿಯಲ್ಲಿ ದುಡಿದವನು. ಬಾಲ್ಯದ ಜ್ವರದಿಂದ ಹೃದಯ ಕೆಟ್ಟಿತ್ತು, 1983ರಲ್ಲಿ 42ನೇ ವಯಸ್ಸಿಗೇ ಹೋದ. ಮೈಕೆಲ್ ವಿನ್ನರ್ ನಿರ್ದೇಶಿಸಿದ 'ಪ್ಲೇ ಇಟ್ ಕೂಲ್' ಅವನ 1962ರ ಚಿತ್ರ. ಪಟ್ಟಿಯಲ್ಲಿ ಒಂದನೇ ಸ್ಥಾನ ಅವನಿಗೆ ಕೊನೆಗೂ ಸಿಗಲಿಲ್ಲ. ಅವನ ದನಿಯಲ್ಲಿದ್ದ ನೋವು ಕ್ಲಿಫ್‌ನ ದನಿಯಲ್ಲಿಲ್ಲ. ನನಗೆ ಇವರೆಲ್ಲರಲ್ಲಿ ಹೆಚ್ಚು ಪ್ರೀತಿ ಇವನ ಮೇಲೆ.

ಸಂಜೆ ಪಿಯರ್ ಹೆಡ್‌ನಿಂದ ಫೆರಿ ಹತ್ತಿದೆವು. 1963ರ ಏಪ್ರಿಲ್‌ನಲ್ಲಿ 'ಸಮ್ಮರ್ ಹಾಲಿಡೇ' ಹಾಡನ್ನು ಮೊದಲ ಸ್ಥಾನದಿಂದ ಇಳಿಸಿದ್ದು ಇದೇ ಊರಿನ ಗೆರಿ ಅಂಡ್ ದ ಪೇಸ್‌ಮೇಕರ್ಸ್. ಅವರದೇ ಚಿತ್ರದ ಫೆರಿ ಹಾಡು ಈಗ ಈ ದೋಣಿಯ ಸ್ಪೀಕರಿನಲ್ಲಿ ಬರುತ್ತದೆ. ಗಾಳಿ ಕೊರೆಯುತ್ತಿತ್ತು, ಮಾವ ಒಳಗೆ ಬರಲು ಒಪ್ಪಲಿಲ್ಲ. ಹಾಡು ಮುಗಿಯುವವರೆಗೂ ಡೆಕ್ಕಿನ ಮೇಲೇ ನಿಂತರು.

ಶನಿವಾರ, ಬ್ರೂಕ್‌ಲ್ಯಾಂಡ್ಸ್

ಶುಕ್ರವಾರ ವಾಪಸಾಗಿ ಸುಧಾರಿಸಿಕೊಂಡು, ಶನಿವಾರ ಮೂರೂ ಜನ ವೇಬ್ರಿಜ್ ಬಳಿಯ ಬ್ರೂಕ್‌ಲ್ಯಾಂಡ್ಸ್‌ಗೆ ಹೋದೆವು. ಹಳೆಯ ಕಾರು ಓಟದ ಟ್ರ್ಯಾಕ್ ಇದ್ದ ಜಾಗದಲ್ಲಿ ಲಂಡನ್ ಬಸ್ ಮ್ಯೂಸಿಯಂ ಇದೆ. ಬಹಳ ಜನ 'ಸಮ್ಮರ್ ಹಾಲಿಡೇ'ಯ ಬಸ್ಸನ್ನು ಲಂಡನ್ನಿನ ಹೆಸರಾಂತ ರೂಟ್‌ಮಾಸ್ಟರ್ ಮಾದರಿ ಅಂದುಕೊಳ್ಳುತ್ತಾರೆ. ಅದು ಅದಕ್ಕಿಂತ ಹಿಂದಿನ, ಎಇಸಿ ಕಂಪನಿಯ ಆರ್‌ಟಿ ಮಾದರಿ. ಇಲ್ಲಿ ಅಂಥವು ಸಾಲಾಗಿ ನಿಂತಿವೆ.

ಮಾವ ಒಂದರ ಮುಂದೆ ನಿಂತು ರೇಡಿಯೇಟರ್ ಮೇಲೆ ಅಂಗೈ ಇಟ್ಟರು. ಮ್ಯೂಸಿಯಮ್ಮಿನ ಸ್ವಯಂಸೇವಕರೊಬ್ಬರು, ಮಾವನಷ್ಟೇ ವಯಸ್ಸಿನವರು, ನೋಡಿ ಹತ್ತಿರ ಬಂದರು. ಬೆಂಗಳೂರಿನ ಡಿಪೋ, ನಮ್ಮಲ್ಲೂ 90ರ ದಶಕದವರೆಗೆ ಓಡುತ್ತಿದ್ದ ಡಬಲ್ ಡೆಕ್ಕರುಗಳು ಎಂದೆಲ್ಲ ಮಾವ ಹೇಳಿದ ಕೂಡಲೇ ಅವರು ಬಾನೆಟ್ ಎತ್ತಿದರು. 9.6 ಲೀಟರಿನ ಡೀಸೆಲ್ ಎಂಜಿನ್. ಗಿಯರನ್ನು ಮೊದಲೇ ಸ್ಟಿಯರಿಂಗ್ ಕಂಬದ ಸಣ್ಣ ಲಿವರಿನಲ್ಲಿ ಆರಿಸಿಟ್ಟು, ಬೇಕಾದಾಗ ಪೆಡಲ್ ತುಳಿದರೆ ಬದಲಾಗುವ ವ್ಯವಸ್ಥೆ. ಮಾವನ ಇಂಗ್ಲಿಷ್ ಅಷ್ಟಕ್ಕಷ್ಟೆ, ಆ ಮನುಷ್ಯರ ಉಚ್ಚಾರ ನಮಗೆ ತುಸು ಕಷ್ಟ. ಆದರೂ ಇಬ್ಬರ ಬೆರಳುಗಳು ಒಂದೇ ಪೈಪು, ಒಂದೇ ನಟ್ಟಿನ ಮೇಲೆ ಓಡಾಡುತ್ತ ಎಲ್ಲ ತಿಳಿಯುತ್ತಿತ್ತು.

ಮಾತು ಕೊನೆಗೆ ಬರಬೇಕಾದಲ್ಲಿಗೆ ಬಂತು. ಇದನ್ನು ಈಗ ಅಥೆನ್ಸಿಗೆ ಓಡಿಸಿಕೊಂಡು ಹೋದರೆ? ಆ ಹಿರಿಯರು ಎತ್ತರದ ಚಿಂತೆ ಎತ್ತಿದರು. 14 ಅಡಿಗೂ ಮಿಕ್ಕ ಬಸ್ಸು, ದಾರಿಯಲ್ಲಿ ತಗ್ಗು ಸೇತುವೆಗಳು. ಮಾವ ಆಲ್ಪ್ಸ್ ಏರಿನಲ್ಲಿ ಕಾಯುವ ಎಂಜಿನ್ನಿನ ಮಾತೆತ್ತಿದರು. ಜೇಬಿನಿಂದ ಟ್ರೈನ್ ಟಿಕೆಟ್ ತೆಗೆದು ಅದರ ಹಿಂದೆ ಒಯ್ಯಬೇಕಾದ ಸಾಮಾನು ಬರೆಯತೊಡಗಿದರು: ಇಂಜೆಕ್ಟರ್, ರೇಡಿಯೇಟರ್ ಹೋಸು, ಬ್ರೇಕ್ ಲೈನಿಂಗು, ಬಲ್ಬು. ಸ್ವಯಂಸೇವಕರು ಮೇಲಿಂದ ಮೇಲೆ ಸೇರಿಸುತ್ತಿದ್ದರು. ಮಗಳು ಊಟದ ಹೊತ್ತಾಯಿತೆಂದು ಕರೆದಳು. "ಐದು ನಿಮಿಷ ಇರಮ್ಮ, ಗ್ಯಾಸ್ಕೆಟ್ ಬರ್ಕೊಳ್ಳೋದು ಬಾಕಿ ಇದೆ" ಎಂದರು ಮಾವ.